ಬಾಸ್ಟನ್, 1845: ಮೆಡಲ್ ಹಂಚುವ ಊರಿಗೆ ಪ್ರಶ್ನೆಪತ್ರಿಕೆ ಬಂದಾಗ

ಇವತ್ತು ಯಾವ ರಾಜನ ಕಥೆಯೂ ಇಲ್ಲ, ಯುದ್ಧವೂ ಇಲ್ಲ. ಶಾಲೆಯ ಕಥೆ. ಯಾಕೆ ಈ ವಿಷಯ ತಗೊಂಡೆ ಅಂತ ಮೊದಲು ಹೇಳಿಬಿಡ್ತೀನಿ.

ನಾನಿರೋದು ಪುಣೆಯಲ್ಲಿ. ಮಗಳು ಮೂರನೇ ಕ್ಲಾಸು. ಹೋದ ತಿಂಗಳು ಅವಳ ಶಾಲೆಯಲ್ಲಿ ಮಕ್ಕಳು ಕಲಿತದ್ದನ್ನು ತಂದೆತಾಯಿಗೆ ತೋರಿಸುವ ಪ್ರದರ್ಶನ ಇತ್ತು. ಇವಳ ಟೇಬಲ್ ಮೇಲೆ ಥರ್ಮಾಕೋಲಿನ ಜ್ವಾಲಾಮುಖಿ, ಅಡುಗೆ ಸೋಡಾ, ವಿನೆಗರ್. ಎರಡು ನಿಮಿಷ ಉಸಿರು ಬಿಡದೆ ವಿವರಣೆ ಕೊಟ್ಟಳು, ಎಲ್ಲರೂ ಚಪ್ಪಾಳೆ. ನಾನು ಸುಮ್ಮನಿರಬೇಕಿತ್ತು. "ಪುಟ್ಟಿ, ನಿಜವಾದ ಬೆಟ್ಟದಲ್ಲಿ ಆ ಲಾವಾ ಎಲ್ಲಿಂದ ಬರುತ್ತೆ?" ಅಂತ ಕೇಳಿದೆ. ಅವಳು ಪಕ್ಕದ ಹುಡುಗಿಯ ಕಡೆ ಕೈ ತೋರಿಸಿ, "ಅಪ್ಪಾ, ಅದು ನನ್ನ ಲೈನ್ ಅಲ್ಲ, ಅವಳ ಲೈನು" ಅಂದಳು.

ಮನೆಗೆ ಬರೋವರೆಗೂ ನಕ್ಕೆವು. ರಾತ್ರಿ ಮಾತ್ರ ನನಗೆ ನಗು ಬರಲಿಲ್ಲ, ಯಾಕಂದ್ರೆ ನನ್ನ ಶಾಲೆಯ ಒಂದು ದಿನ ನೆನಪಾಯಿತು. ಹಾವೇರಿ ಜಿಲ್ಲೆಯ ಹಳ್ಳಿ, ಸರಕಾರಿ ಶಾಲೆ. "ನಾಳೆ ಸಾಹೇಬ್ರು ಬರ್ತಾರ, ಎಲ್ಲಾರೂ ಸ್ವಚ್ಛ ಅಂಗಿ ಹಾಕ್ಕೊಂಡು ಬರ್ರಿ" ಅಂತ ಹೇಳಿದ ಮೇಷ್ಟ್ರು, ನನ್ನ ಪಕ್ಕ ಕೂರುತ್ತಿದ್ದ ಗೆಳೆಯನನ್ನು ಹೊರಗೆ ಕರೆದು, "ನೀ ನಾಳೆ ಬರಬ್ಯಾಡಪ್ಪಾ" ಅಂದಿದ್ದರು. ಅವನಿಗೆ ಮಗ್ಗಿ ಬರುತ್ತಿರಲಿಲ್ಲ. ಮರುದಿನ ಅವನ ಜಾಗದಲ್ಲಿ ನಾನು ಕಾಲು ಚಾಚಿ ಕೂತಿದ್ದೆ. ಸಾಹೇಬರು ನಮ್ಮ ಶಾಲೆ ಚೆನ್ನಾಗಿದೆ ಅಂತ ಬರೆದು ಹೋದರು.

ಮಕ್ಕಳ ಕಲಿಕೆಯನ್ನು ಊರಿಗೆ ತೋರಿಸುವ ಈ ಪದ್ಧತಿ ಎಲ್ಲಿಂದ ಬಂತು, ಅದನ್ನು ಮೊದಲು ಅನುಮಾನಿಸಿದವರು ಯಾರು ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಅಮೆರಿಕದ ಬಾಸ್ಟನ್ ನಗರ.

ಬಾಸ್ಟನ್ ಜನಕ್ಕೆ ತಮ್ಮ ಸಾರ್ವಜನಿಕ ಶಾಲೆಗಳ ಮೇಲೆ ಭಾರೀ ಅಭಿಮಾನ. ಅದಕ್ಕೆ ಕಾರಣವೂ ಇತ್ತು. ನಗರದ ತೆರಿಗೆ ದುಡ್ಡಿನಲ್ಲಿ ನಡೆಯುವ ಉಚಿತ ಶಾಲೆಗಳು. ಪ್ರತಿವರ್ಷ ಶಾಲಾ ಸಮಿತಿಯವರು ಬಂದು ಕೂತ ದಿನ ಮೇಷ್ಟರು ಪ್ರಶ್ನೆ ಕೇಳೋದು, ಮಕ್ಕಳು ಎದ್ದು ನಿಂತು ಪಟಪಟ ಉತ್ತರ ಹೇಳೋದು, ಪದ್ಯ ಒಪ್ಪಿಸೋದು, ಭಾಷಣ ಮಾಡೋದು, ತಂದೆತಾಯಿ ಸುತ್ತ ನಿಂತು ನೋಡೋದು. ಆಮೇಲೆ ಮೆಡಲ್. ಮೆಡಲ್ ಗೆದ್ದ ಮಕ್ಕಳಿಗೆ ಊರಿನ ಗಣ್ಯರ ಜೊತೆ ಫ್ಯಾನಿಯಲ್ ಹಾಲ್‌ನಲ್ಲಿ ಔತಣ. ಅಮೆರಿಕದ ಕ್ರಾಂತಿಯ ಭಾಷಣಗಳು ನಡೆದ ಸಭಾಂಗಣ ಅದು. ಹತ್ತು ಹನ್ನೆರಡು ವರ್ಷದ ಹುಡುಗನಿಗೆ ಅಲ್ಲಿ ಊಟ ಅಂದ್ರೆ ಹೇಗಿರಬೇಕು ಯೋಚಿಸಿ.

ಆ ಮೆಡಲ್ಲಿನ ಕಥೆಯೂ ಚೆಂದ. ಬೆಂಜಮಿನ್ ಫ್ರಾಂಕ್ಲಿನ್ ಹುಟ್ಟಿದ್ದು ಬಾಸ್ಟನ್‌ನಲ್ಲಿ. ಮನೆಯಲ್ಲಿ ದುಡ್ಡಿಲ್ಲದೆ ಹತ್ತನೇ ವಯಸ್ಸಿಗೆ ಶಾಲೆ ಬಿಟ್ಟವನು. 1790ರಲ್ಲಿ ತೀರಿಕೊಂಡಾಗ ಅವನ ಉಯಿಲಿನಲ್ಲಿ ಬಾಸ್ಟನ್ನಿನ ಉಚಿತ ಶಾಲೆಗಳಿಗೆ 100 ಪೌಂಡ್ ಬರೆದಿಟ್ಟಿದ್ದ. ಅದರ ಬಡ್ಡಿಯಲ್ಲಿ ಪ್ರತಿವರ್ಷ ಬೆಳ್ಳಿ ಪದಕ ಮಾಡಿಸಿ ಮಕ್ಕಳಿಗೆ ಕೊಡಬೇಕು ಅಂತ. ಹುಡುಗರಿಗೆ ಮಾತ್ರ ಅದು. ಹುಡುಗಿಯರಿಗೆ ಅಂತ ನಗರದ ಬೇರೆ ಮೆಡಲ್ ಶುರುವಾಗಿದ್ದು 1821ರಲ್ಲಿ.

ಇಲ್ಲಿಗೆ ಇಬ್ಬರು ಗೆಳೆಯರು ಬರುತ್ತಾರೆ. ಒಬ್ಬ ಹೊರೇಸ್ ಮ್ಯಾನ್. 1837ರಿಂದ ಮ್ಯಾಸಚೂಸೆಟ್ಸ್ ರಾಜ್ಯದ ಶಿಕ್ಷಣ ಮಂಡಳಿಯ ಕಾರ್ಯದರ್ಶಿ. ಹೆಸರಿಗೆ ದೊಡ್ಡ ಹುದ್ದೆ, ಆದರೆ ಯಾವ ಮೇಷ್ಟ್ರನ್ನೂ ನೇಮಿಸುವ, ತೆಗೆಯುವ ಅಧಿಕಾರವಿಲ್ಲ. ಅವನ ಕೈಯಲ್ಲಿದ್ದ ಒಂದೇ ಆಯುಧ ವಾರ್ಷಿಕ ವರದಿ. ಇನ್ನೊಬ್ಬ ಡಾಕ್ಟರ್ ಸ್ಯಾಮ್ಯುಯೆಲ್ ಗ್ರಿಡ್ಲಿ ಹೋವ್, ಬಾಸ್ಟನ್ನಿನ ಪರ್ಕಿನ್ಸ್ ಅಂಧರ ಶಾಲೆಯ ಮುಖ್ಯಸ್ಥ. 1843ರಲ್ಲಿ ಇಬ್ಬರಿಗೂ ಹೊಸದಾಗಿ ಮದುವೆಯಾಗಿತ್ತು. ಹೆಂಡತಿಯರನ್ನು ಕರಕೊಂಡು ಯುರೋಪಿಗೆ ಹೋದರು. ಹನಿಮೂನ್ ಅಂತಲೇ ಹೋದದ್ದು, ನೋಡಿದ್ದು ಮಾತ್ರ ಶಾಲೆ, ಜೈಲು, ಆಸ್ಪತ್ರೆ. ಆ ಹೆಂಗಸರ ತಾಳ್ಮೆಗೆ ನನ್ನದೊಂದು ನಮಸ್ಕಾರ.

ವಾಪಸ್ ಬಂದ ಮ್ಯಾನ್ ತನ್ನ ಏಳನೇ ವರದಿಯಲ್ಲಿ ಪ್ರಷ್ಯಾದ ಶಾಲೆಗಳನ್ನು ಹೊಗಳಿದ. ಅಲ್ಲಿನ ಮೇಷ್ಟರು ಕೈಯಲ್ಲಿ ಪುಸ್ತಕವಿಲ್ಲದೆ ಪಾಠ ಮಾಡುತ್ತಾರೆ, ಬೆತ್ತ ಬಳಸುವುದಿಲ್ಲ ಅಂತೆಲ್ಲ ಬರೆದ. ಬಾಸ್ಟನ್ ಮೇಷ್ಟರಿಗೆ ಅದು ನೇರವಾಗಿ ತಾಗಿತು. 1844ರಲ್ಲಿ 31 ಜನ ಮೇಷ್ಟರು ಸೇರಿ ಮ್ಯಾನ್ ವಿರುದ್ಧ ಒಂದು ಪುಸ್ತಕವನ್ನೇ ಅಚ್ಚು ಹಾಕಿಸಿದರು. ಶಾಲೆಯಲ್ಲಿ ಶಿಸ್ತು ಅಂದ್ರೆ ಮೇಷ್ಟರ ಅಧಿಕಾರ, ಅದಿಲ್ಲದೆ ವಿದ್ಯೆಯಿಲ್ಲ ಅನ್ನೋದು ಅವರ ವಾದದ ಒಂದು ಭಾಗ. ಮ್ಯಾನ್ ಉತ್ತರ ಬರೆದ, ಅವರು ಅದಕ್ಕೂ ಉತ್ತರ ಬರೆದರು. ಈಗಿನ ವಾಟ್ಸಾಪ್ ಗ್ರೂಪಿನ ಜಗಳ ಇದ್ದಂಗೆ, ಒಂದೊಂದು ಮೆಸೇಜೂ ಒಂದೊಂದು ಪುಸ್ತಕ, ಅಷ್ಟೇ.

ಆಗ ಹೋವ್ ಶಾಲಾ ಸಮಿತಿಗೆ ಆರಿಸಿ ಬಂದ. 1845ರ ಬೇಸಿಗೆಯಲ್ಲಿ ಶಾಲೆಗಳ ವಾರ್ಷಿಕ ತಪಾಸಣೆಯ ಕೆಲಸ ಅವನೂ ಇದ್ದ ಉಪಸಮಿತಿಗೆ ಬಂತು. ಹಿಂದಿನವರಂತೆ ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟಲಿಲ್ಲ ಅವರು. ಪ್ರಶ್ನೆಗಳನ್ನು ಮೊದಲೇ ಅಚ್ಚು ಹಾಕಿಸಿ, ಶಾಲೆಗಳಿಗೆ ಹೇಳದೆ ಕೇಳದೆ ಹೋಗಿ ಮಕ್ಕಳ ಮುಂದೆ ಇಟ್ಟರು. ಎಲ್ಲ ಶಾಲೆಗೂ ಅವೇ ಪ್ರಶ್ನೆ, ಅಷ್ಟೇ ಸಮಯ, ಒಂದು ವಿಷಯಕ್ಕೆ ಒಂದು ಗಂಟೆ. ಭೂಗೋಳ, ಇತಿಹಾಸ, ವ್ಯಾಕರಣ, ಗಣಿತ, ಖಗೋಳ, ಪದಗಳ ಅರ್ಥ ಎಲ್ಲ ಸೇರಿ. ಉತ್ತರ ಬಾಯಲ್ಲಿ ಹೇಳುವ ಹಾಗಿಲ್ಲ, ಬರೆಯಬೇಕು. ನಮಗೆ ಇದರಲ್ಲಿ ಏನೂ ವಿಶೇಷ ಕಾಣಲ್ಲ, ನಾವು ಹುಟ್ಟಿದ್ದೇ ಪ್ರಶ್ನೆಪತ್ರಿಕೆಯ ಕಾಲದಲ್ಲಿ. ಆ ಮಕ್ಕಳು ಮಾತ್ರ ಅಂಥದ್ದೊಂದನ್ನು ಕಂಡಿರಲಿಲ್ಲ.

ಪರೀಕ್ಷೆ ಬರೆದವರು ಸುಮಾರು 530 ಮಕ್ಕಳು, ಎಲ್ಲರೂ ಮೇಲಿನ ತರಗತಿಯ ಆಯ್ದ ಜಾಣರು. ಅಂದ್ರೆ ಪ್ರದರ್ಶನದ ದಿನ ಮುಂದೆ ನಿಲ್ಲಿಸುತ್ತಿದ್ದವರೇ. ಒಟ್ಟು 57,873 ಉತ್ತರ ಬರಬಹುದಿತ್ತು. ಸರಿಯಾಗಿ ಬಂದದ್ದು 17,216. ನೂರಕ್ಕೆ ಮೂವತ್ತು ಕೂಡ ತುಂಬಲಿಲ್ಲ. ಸಮಿತಿಯವರು ವಿರಾಮಚಿಹ್ನೆಯ ತಪ್ಪುಗಳನ್ನೂ ಬಿಡದೆ ಎಣಿಸಿದ್ದರು: 35,947. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಕಾಮಾ, ಫುಲ್‌ಸ್ಟಾಪ್ ಕೂತು ಎಣಿಸಿದವರ ಹಟ ನೋಡಿ.

ಸೋತದ್ದಕ್ಕಿಂತ ಸೋತ ರೀತಿ ನನಗೆ ಮುಖ್ಯ ಅನಿಸಿತು. ಅಧ್ಯಕ್ಷ ಜೆಫರ್ಸನ್ ಕಾಲದಲ್ಲಿ ವಿದೇಶ ವ್ಯಾಪಾರಕ್ಕೆ ನಿರ್ಬಂಧ ಹಾಕಿದ್ದರು, ಅದನ್ನು ಎಂಬಾರ್ಗೊ ಅಂತಾರೆ. ಯಾವ ಇಸವಿ ಅಂತ ಮಕ್ಕಳಿಗೆ ಸಾಮಾನ್ಯವಾಗಿ ಗೊತ್ತಿತ್ತು. ಎಂಬಾರ್ಗೊ ಅಂದ್ರೆ ಏನು ಅನ್ನೋದು ಗೊತ್ತಿರಲಿಲ್ಲ. ಬಾಸ್ಟನ್ ಬಂದರು ಪಟ್ಟಣ, ಆ ನಿರ್ಬಂಧದಿಂದ ಅಲ್ಲಿನ ಹಡಗುಗಳು ದಡದಲ್ಲೇ ಕೂತಿದ್ದವು. ಅವರ ಅಜ್ಜಂದಿರ ಕಾಲದ ನೋವು ಅದು. ಅದು ಮಕ್ಕಳ ಬಾಯಲ್ಲಿ ಒಂದು ಇಸವಿಯಾಗಿ ಮಾತ್ರ ಉಳಿದಿತ್ತು. ನನ್ನ ಮಗಳ ಲಾವಾ ಹಾಗೆಯೇ, ಪಕ್ಕದವಳ ಲೈನು.

ವರದಿಯಲ್ಲಿ ಶಾಲೆ ಶಾಲೆಗೂ ಅಂಕಪಟ್ಟಿ ಹಾಕಿದ್ದರು. ಯಾವುದು ಮೇಲೆ, ಯಾವುದು ಕೆಳಗೆ ಅಂತ ಊರಿಗೆಲ್ಲ ಗೊತ್ತಾಯಿತು. ಪತ್ರಿಕೆಗಳಲ್ಲಿ ದೊಡ್ಡ ಗದ್ದಲ. ಮ್ಯಾನ್ ತನ್ನ ಪತ್ರಿಕೆಯಲ್ಲಿ ವರದಿಯ ಭಾಗಗಳನ್ನು ಹಾಕಿ, ಲಿಖಿತ ಪರೀಕ್ಷೆ ಅಂದ್ರೆ ಮಗುವಿನ ಮನಸ್ಸಿನ ಫೋಟೋ ತೆಗೆದಂತೆ ಅನ್ನೋ ಅರ್ಥದಲ್ಲಿ ಬರೆದ. ಫೋಟೋಗ್ರಫಿ ಆಗಷ್ಟೇ ಬಂದಿತ್ತು, 1839ರಲ್ಲಿ. ಹೊಸ ಯಂತ್ರದ ಹೋಲಿಕೆ ಕೊಟ್ಟರೆ ಎಲ್ಲರೂ ಒಪ್ಪುತ್ತಾರೆ. ಈಗ ನಾವು ಎಲ್ಲದಕ್ಕೂ ಎಐ ಅನ್ನಲ್ವಾ, ಹಂಗೆ.

ಇಂಜಿನಿಯರ್ ಆಗಿ ನನಗೆ ಮೊದಲು ಹೋವ್ ಮೇಲೆ ಪ್ರೀತಿ ಬಂತು. ನಮ್ಮಲ್ಲೂ ಡೆಮೊ ಬೇರೆ, ಟೆಸ್ಟ್ ಬೇರೆ. ಡೆಮೊದಲ್ಲಿ ಯಾವ ಬಟನ್ ಒತ್ತಬೇಕು ಅಂತ ನಮಗೆ ಮೊದಲೇ ಗೊತ್ತಿರುತ್ತೆ, ಬೇರೆ ಬಟನ್ ಹತ್ತಿರ ಕ್ಲೈಂಟ್ ಕೈ ಹೋಗದ ಹಾಗೆ ನೋಡ್ಕೋತೀವಿ. ಹೋವ್ ಸೀದಾ ಬೇರೆ ಬಟನ್ ಒತ್ತಿದ. ಶಭಾಷ್ ಅನ್ನೋಣ ಅನ್ನುವಷ್ಟರಲ್ಲಿ ಎರಡು ವಿಷಯ ಗೊತ್ತಾದವು.

ಒಂದು, ಪ್ರದರ್ಶನ ಮಾಡುವುದರಲ್ಲಿ ಬಾಸ್ಟನ್ನಿಗೇ ದೊಡ್ಡ ಪ್ರವೀಣ ಈ ಹೋವ್. ಅವನ ಶಾಲೆಯಲ್ಲಿ ಲಾರಾ ಬ್ರಿಜ್‌ಮನ್ ಅಂತ ಹುಡುಗಿ ಇದ್ದಳು. ಎರಡನೇ ವಯಸ್ಸಿಗೆ ಜ್ವರ ಬಂದು ಕಣ್ಣು, ಕಿವಿ ಎರಡೂ ಹೋಗಿದ್ದವು. ಹೆಲೆನ್ ಕೆಲ್ಲರ್‌ಗಿಂತ ಸುಮಾರು ಐವತ್ತು ವರ್ಷ ಮೊದಲು ಅವಳಿಗೆ ಬೆರಳ ಸ್ಪರ್ಶದಿಂದ ಭಾಷೆ ಕಲಿಸಿದವನು ಹೋವ್. ನಿಜವಾದ ಸಾಧನೆ ಅದು, ಎರಡು ಮಾತಿಲ್ಲ. ಆದರೆ ಅವಳನ್ನು ಜನರ ಮುಂದೆ ಕೂರಿಸಿ ಪ್ರದರ್ಶನ ನಡೆಸುತ್ತಿದ್ದ, ನೋಡಲು ಜನಜಾತ್ರೆ. 1842ರಲ್ಲಿ ಚಾರ್ಲ್ಸ್ ಡಿಕನ್ಸ್ ಕೂಡ ಬಂದು ನೋಡಿ, ತನ್ನ ಅಮೆರಿಕ ಪ್ರವಾಸದ ಪುಸ್ತಕದಲ್ಲಿ ಅವಳ ಬಗ್ಗೆ ಬರೆದ. ಮೇಷ್ಟರು ಮಾಡಿದರೆ ನಾಟಕ, ತಾನು ಮಾಡಿದರೆ ಸಾಧನೆ! ಇದು ನನ್ನ ಅಭಿಪ್ರಾಯ, ನಿಮಗೆ ಬೇರೆ ಅನ್ನಿಸಬಹುದು.

ಎರಡನೆಯದು ಸ್ಮಿತ್ ಶಾಲೆ. ಅಂಕಪಟ್ಟಿಯ ತಳದಲ್ಲಿದ್ದ ಶಾಲೆ ಅದು. ಬೀಕನ್ ಹಿಲ್ ಬಡಾವಣೆಯಲ್ಲಿ 1835ರಲ್ಲಿ ತೆರೆದದ್ದು, ಕಪ್ಪು ಮಕ್ಕಳಿಗೆ ಮಾತ್ರ. ಬಾಸ್ಟನ್ ಎಷ್ಟೇ ಸುಧಾರಣೆಯ ಊರಾದರೂ ಆ ಮಕ್ಕಳಿಗೆ ಬೇರೆ ಶಾಲೆ. ಅವರ ತಂದೆತಾಯಿ 1844ರಲ್ಲೇ ಸಮಿತಿಗೆ ಅರ್ಜಿ ಕೊಟ್ಟಿದ್ದರು: ಮೇಷ್ಟರ ಮೇಲೆ ದೂರು, ಈ ಪ್ರತ್ಯೇಕ ಶಾಲೆಯನ್ನೇ ಮುಚ್ಚಿ ಅಂತ ಬೇಡಿಕೆ. ಸಮಿತಿ ಒಪ್ಪಲಿಲ್ಲ. ಮರುವರ್ಷ ಪರೀಕ್ಷೆ ಬಂತು, ಅವರು ಹೇಳುತ್ತಿದ್ದದ್ದು ಅಂಕಿಯಲ್ಲಿ ಅಚ್ಚಾಯಿತು. ಹಾಗಂತ ಶಾಲೆಯನ್ನು ಮುಚ್ಚಿದರಾ? ಇಲ್ಲ. ಹಣೆಪಟ್ಟಿ ಮಾತ್ರ ಆ ಮಕ್ಕಳ ಮೇಲೆ ಉಳಿಯಿತು.

ಮುಂದೆ ಬೆಂಜಮಿನ್ ರಾಬರ್ಟ್ಸ್ ಅನ್ನುವ ಮುದ್ರಕ ತನ್ನ ಪುಟ್ಟ ಮಗಳು ಸಾರಾಳನ್ನು ಮನೆಯ ಹತ್ತಿರದ ಬಿಳಿಯರ ಶಾಲೆಗೆ ಸೇರಿಸಲು ಹೋದ. ಸೇರಿಸಲಿಲ್ಲ. ಅವಳು ದಿನಾ ಬೇರೆ ಶಾಲೆಗಳನ್ನು ದಾಟಿಕೊಂಡು ಸ್ಮಿತ್ ಶಾಲೆಗೇ ನಡೆದು ಹೋಗಬೇಕಿತ್ತು. ಅಪ್ಪ ಕೋರ್ಟಿಗೆ ಹೋದ. ವಾದಿಸಿದವರು ಚಾರ್ಲ್ಸ್ ಸಮ್ನರ್ ಮತ್ತು ಕಪ್ಪು ವಕೀಲ ರಾಬರ್ಟ್ ಮಾರಿಸ್. 1850ರಲ್ಲಿ ಸೋತರು. ಆ ತೀರ್ಪನ್ನೇ 1896ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪ್ಲೆಸ್ಸಿ ಪ್ರಕರಣದಲ್ಲಿ ಆಧಾರವಾಗಿ ಎತ್ತಿಕೊಂಡಿತು. ಆದರೆ ಊರಿನ ಜನ ಸುಮ್ಮನೆ ಕೂರಲಿಲ್ಲ, ಸಹಿ ಸಂಗ್ರಹಿಸಿದರು, ಮಕ್ಕಳನ್ನು ಸ್ಮಿತ್ ಶಾಲೆಗೆ ಕಳಿಸೋದನ್ನೇ ನಿಲ್ಲಿಸಿದರು. 1855ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯವೇ ಕಾನೂನು ಮಾಡಿ ಅಂಥ ಪ್ರತ್ಯೇಕ ಶಾಲೆಗಳನ್ನು ನಿಲ್ಲಿಸಿತು. ಸ್ಮಿತ್ ಶಾಲೆಯ ಕಟ್ಟಡ ಈಗಲೂ ಇದೆ, ಆಫ್ರಿಕನ್ ಅಮೆರಿಕನ್ ಇತಿಹಾಸದ ಮ್ಯೂಸಿಯಂ ಅದು. ಬಾಸ್ಟನ್‌ಗೆ ಆನ್‌ಸೈಟ್ ಹೋಗುವವರು ಹಾರ್ವರ್ಡ್ ಮುಂದೆ ಸೆಲ್ಫಿ ತಗೊಂಡ ಮೇಲೆ ಇಲ್ಲಿಗೂ ಒಂದು ಸಲ ಹೋಗಿಬನ್ನಿ.

ಪರೀಕ್ಷೆಯ ಆ ಭರಾಟೆ ಬಾಸ್ಟನ್‌ನಲ್ಲಿ ಹೆಚ್ಚು ವರ್ಷ ನಡೆಯಲಿಲ್ಲ. ಆದರೆ ಬೇರೆ ನಗರಗಳು ಹಿಡಿದುಕೊಂಡವು. 1851ರಲ್ಲಿ ಬಾಸ್ಟನ್ ತನ್ನ ಶಾಲೆಗಳಿಗೆಲ್ಲ ಒಬ್ಬ ಸೂಪರಿಂಟೆಂಡೆಂಟ್ ನೇಮಿಸಿತು. ಈ ಕಡೆ ಇಂಗ್ಲೆಂಡಿನಲ್ಲಿ 1862ರಿಂದ ಇನ್ನೂ ಒಂದು ಹೆಜ್ಜೆ ಮುಂದೆ. ಇನ್‌ಸ್ಪೆಕ್ಟರು ಬಂದು ಒಂದೊಂದು ಮಗುವನ್ನೂ ಓದು, ಬರಹ, ಲೆಕ್ಕದಲ್ಲಿ ಪರೀಕ್ಷಿಸಬೇಕು, ಪಾಸಾದ ಮಕ್ಕಳ ಲೆಕ್ಕದಲ್ಲಿ ಶಾಲೆಗೆ ಅನುದಾನ. ಮಗುವಿನ ತಲೆಗಿಷ್ಟು ಅಂತ ದುಡ್ಡು ಕಟ್ಟಿದ ಮೇಲೆ ಮೇಷ್ಟರು ಏನು ಮಾಡುತ್ತಾರೆ? ಇಡೀ ಓದುವ ಪುಸ್ತಕವನ್ನೇ ಬಾಯಿಪಾಠ ಮಾಡಿಸಿದರು. ನಾನೂ ಆಫೀಸಿನಲ್ಲಿ ಒಮ್ಮೆ ಡ್ಯಾಶ್‌ಬೋರ್ಡ್ ಕಟ್ಟಿದ್ದೆ, ಯಾರು ಎಷ್ಟು ಟಿಕೆಟ್ ಮುಗಿಸಿದರು ಅಂತ ತೋರಿಸುವುದು. ತಿಂಗಳಾಗುವಷ್ಟರಲ್ಲಿ ಹುಡುಗರು ಒಂದು ಕೆಲಸವನ್ನು ಐದು ಟಿಕೆಟ್ ಮಾಡಿ ಮುಗಿಸಲು ಶುರು ಮಾಡಿದ್ದರು. ಗ್ರಾಫ್ ಮಾತ್ರ ಚೆಂದ ಏರುತ್ತಿತ್ತು.

ಮುಂಬಯಿ ಪ್ರಾಂತ್ಯದಲ್ಲೂ ಖಾಸಗಿ ಶಾಲೆಗಳ ಅನುದಾನಕ್ಕೆ ಇದೇ ಪದ್ಧತಿ ಬಂತು. ಧಾರವಾಡ, ಬೆಳಗಾವಿ ಆ ಪ್ರಾಂತ್ಯದಲ್ಲೇ ಇದ್ದವು, ನಮ್ಮ ಹಾವೇರಿ 1997ರವರೆಗೆ ಧಾರವಾಡ ಜಿಲ್ಲೆಯೊಳಗೇ. "ಸಾಹೇಬ್ರು ಬರ್ತಾರ" ಅನ್ನೋ ಮಾತಿನ ಹಿಂದೆ ಎಷ್ಟು ವರ್ಷದ ಭಯ ಇದೆ ನೋಡಿ.

ನನಗೆ ಪ್ರದರ್ಶನ ಬೇಡ ಅಂತ ಅನ್ನಿಸಲ್ಲ. ಪ್ರತಿಭಾ ಕಾರಂಜಿಯ ಕಂಠಪಾಠದಲ್ಲಿ ತಾಲೂಕು ಮಟ್ಟಕ್ಕೆ ಹೋದಾಗ ಮೊದಲ ಸಲ ಮೈಕ್ ಹಿಡಿದವನು ನಾನು. ಅವತ್ತು ಅವ್ವ ಅಂಗಿಗೆ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದಳು. ಆ ಸರ್ಟಿಫಿಕೇಟ್ ಇನ್ನೂ ಊರ ಮನೆಯ ಗೋಡೆ ಮೇಲಿದೆ, ಎಂಟೆಕ್ ಸರ್ಟಿಫಿಕೇಟ್ ಫೈಲಿನಲ್ಲಿದೆ. ಹೋವ್ ಮಾಡಿದ ಪರೀಕ್ಷೆಯೂ ಬೇಕಿತ್ತು ಅಂತಲೇ ನನ್ನ ನಂಬಿಕೆ. ಸ್ಮಿತ್ ಶಾಲೆಯ ತಂದೆತಾಯಿಯ ಮಾತು ಕಾಗದದ ಮೇಲೆ ಬಂದದ್ದು ಅದರಿಂದಲೇ. ಆದರೆ ಎರಡೂ ಕಡೆ ಒಂದು ಪ್ರಶ್ನೆ ನನ್ನನ್ನು ಬಿಡಲ್ಲ. ಆ 530ರಲ್ಲಿ ಇಲ್ಲದವರು, ನಗರದ ಬಾಕಿ ಸಾವಿರಾರು ಮಕ್ಕಳು, ಅವತ್ತು ಯಾವ ಬೆಂಚಿನಲ್ಲಿ ಕೂತಿದ್ದರು?

ಹೋದ ದೀಪಾವಳಿಗೆ ಊರಿಗೆ ಹೋದಾಗ ಆ ಗೆಳೆಯ ಸಿಕ್ಕ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ತೂಕದ ಕೆಲಸ ಅವನದು. ಚಹಾ ಕುಡಿಯುತ್ತಾ, ಸಾಹೇಬರು ಬಂದ ದಿನ ನೆನಪಿದೆಯಾ ಅಂತ ಕೇಳಿದೆ.

"ನೆನಪೈತಲೇ. ಮಧ್ಯಾಹ್ನದ ತನಕ ಗುಡಿ ಕಟ್ಟಿ ಮ್ಯಾಲೆ ಕುಂತಿದ್ದೆ, ನೀವು ಹೊರಗ ಬರೋದನ್ನ ನೋಡ್ಕೋತ. ಹೌದು, ಅವತ್ತು ಸಾಹೇಬ್ರು ಏನೇನು ಕೇಳಿದ್ರು?"

ಎಷ್ಟು ಯೋಚಿಸಿದರೂ ನನಗೆ ಒಂದು ಪ್ರಶ್ನೆಯೂ ನೆನಪಾಗಲಿಲ್ಲ.