ಗಲ್ಲಾಪೆಟ್ಟಿಗೆಯ ಹಿಂದಿನ ಪರವಾನಗಿ

ಬೆಂಗಳೂರಿನ ಹೋಟೆಲು, ಹಿಟ್ಟಿನ ಗಿರಣಿಗಳಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ, ದೇವರ ಪಟದ ಪಕ್ಕದಲ್ಲೇ, ಕಟ್ಟು ಹಾಕಿಸಿದ ಉದ್ದಿಮೆ ಪರವಾನಗಿ ತೂಗುತ್ತಿರುತ್ತದೆ. ಈ ಕಾಗದ ಬೊಕ್ಕಸ ತುಂಬಿಸಲು ಹುಟ್ಟಿದ್ದಲ್ಲ. ಇಕ್ಕಟ್ಟಾದ ಪೇಟೆಯ ಕೊಳಕು ಜೀವ ತೆಗೆಯಬಲ್ಲದೆಂದು 1898ರ ಪ್ಲೇಗು ಊರಿಗೆ ಕಲಿಸಿತ್ತು. ಜೀವಕ್ಕೆ, ಆರೋಗ್ಯಕ್ಕೆ, ಆಸ್ತಿಗೆ ಅಪಾಯ ತರಬಹುದಾದ ಕಸುಬುಗಳಿಗೆ ಪರವಾನಗಿ ಬೇಕೆನ್ನುವ 1976ರ ಕರ್ನಾಟಕ ಪೌರನಿಗಮಗಳ ಕಾಯ್ದೆಯ 353ನೇ ಪ್ರಕರಣದ ಹಿಂದಿರುವುದೂ ಅದೇ ಕಾಳಜಿ. ಬೆಂಗಳೂರಿನಲ್ಲಿ ಈ ಪರವಾನಗಿಯನ್ನು ಬಹುಕಾಲ ಕೊಟ್ಟದ್ದು ಕಂದಾಯದವರಲ್ಲ, ಆರೋಗ್ಯ ವಿಭಾಗದವರು.

ಹಾಗಾದರೆ ಶುಲ್ಕವೇ ಮುಖ್ಯವಾದದ್ದು ಹೇಗೆ? ಶುಲ್ಕವೆಂದರೆ ಸಲ್ಲಿಸಿದ ಸೇವೆಗೆ ಪ್ರತಿಯಾದ ಹಣ, ತೆರಿಗೆ ಹಾಗಲ್ಲ ಎಂದು ಸುಪ್ರೀಂ ಕೋರ್ಟು 1954ರಲ್ಲಿ ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ ಗೆರೆ ಎಳೆದಿತ್ತು. ಹತ್ತೇ ವರ್ಷಕ್ಕೆ ಆ ಗೆರೆ ಮಸುಕಾಯಿತು. ಕಲ್ಕತ್ತಾದ ಲಿಬರ್ಟಿ ಚಿತ್ರಮಂದಿರದ ವಾರ್ಷಿಕ ಲೈಸೆನ್ಸು ಹಣ 400 ರೂಪಾಯಿಯಿಂದ 6,000ಕ್ಕೆ ಏರಿದಾಗ, ಅದು ತೆರಿಗೆಯೇ, ಪ್ರತಿಸೇವೆ ಬೇಕಿಲ್ಲ ಎಂದು ಬಹುಮತದ ತೀರ್ಪು ಹೇಳಿತು. ನಗರಸಭೆಗಳಿಗೆ ಬಾಗಿಲು ತೆರೆದದ್ದು ಅಲ್ಲಿ.

ಹಣವಿಲ್ಲದೆ ತಪಾಸಣೆ ಹೇಗೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಅಡುಗೆಮನೆಯ ಚರಂಡಿಯನ್ನು ಇಣುಕಿಯೂ ನೋಡದೆ ರಸೀದಿ ಹರಿದು ನವೀಕರಿಸಿದ ಪರವಾನಗಿ ಗಿರಾಕಿಯನ್ನು ಕಾಯುವುದಿಲ್ಲ. ವಸೂಲಾದ ಹಣದ ಜೊತೆಗೆ ನಡೆದ ತಪಾಸಣೆಗಳ ಲೆಕ್ಕವನ್ನೂ ಪಾಲಿಕೆ ವಾರ್ಡುವಾರು ಪ್ರತಿವರ್ಷ ಪ್ರಕಟಿಸಲಿ.