ಗೊಬ್ಬರದ ಚೀಲದ ಮೇಲಿನ ಮೂರು ಅಂಕಿಗಳು



ಜನಕಪುರಿಯ ನಮ್ಮ ಬಾಲ್ಕನಿಯ ಕುಂಡದಲ್ಲಿ ಊರಿಂದ ತಂದ ಮಲ್ಲಿಗೆ ಬಳ್ಳಿಯೊಂದಿತ್ತು. ಅಂಗಡಿಯಲ್ಲಿ ಪೊಟ್ಟಣ ಕಟ್ಟಿಕೊಟ್ಟ ಬಿಳಿ ಹರಳನ್ನು ಒಂದು ಹಿಡಿ ಹಾಕಿದೆ. ವಾರದೊಳಗೆ ಎಲೆಗಳ ಅಂಚು ಸುಟ್ಟಿತು, ಬಳ್ಳಿ ಉಳಿಯಲಿಲ್ಲ. ಅದು ಯೂರಿಯಾ ಎಂದು ಆಮೇಲೆ ತಿಳಿಯಿತು. ಪೊಟ್ಟಣದ ಮೇಲೆ ಒಂದಕ್ಷರವೂ ಇರಲಿಲ್ಲ. ಅಂದಿನಿಂದ ನನಗೆ ಲೇಬಲ್ ಓದುವ ಚಟ.

ಕುಂಡದ ಗಿಡಗಳಿಗೆಂದು ಮಾರುವ ಪೊಟ್ಟಣದ ಮೇಲೆ 19-19-19 ಎಂದಿರುತ್ತದಲ್ಲ, ಅವು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷ್‌ಗಳ ಶೇಕಡಾ ಪ್ರಮಾಣ. ಉಳಿದ 43 ಭಾಗ ಮೋಸವೇ? ಅಲ್ಲ. ಪೋಷಕಾಂಶಗಳು ಬೇರೆ ಧಾತುಗಳೊಡನೆ ಕೂಡಿಕೊಂಡೇ ಇರುತ್ತವೆ.

ಆದರೆ ಒಂದು ಸ್ವಾರಸ್ಯವಿದೆ. 1840ರಲ್ಲಿ ಜರ್ಮನಿಯ ಲೀಬಿಗ್, ಗಿಡಕ್ಕೆ ಮಣ್ಣಿನ ಖನಿಜಗಳೇ ಆಹಾರವೆಂದು ಪುಸ್ತಕ ಬರೆದರು. ಆ ಕಾಲದ ರಸಾಯನತಜ್ಞರು ಗಿಡವನ್ನು ಸುಟ್ಟು, ಬೂದಿಯನ್ನು ಪರೀಕ್ಷಿಸಿ, ಸಿಕ್ಕಿದ್ದನ್ನು ಆಕ್ಸೈಡ್ ಲೆಕ್ಕದಲ್ಲಿ ಬರೆದಿಡುತ್ತಿದ್ದರು. ಆ ರೂಢಿ ಇಂದಿಗೂ ಹೋಗಿಲ್ಲ. ಹಾಗಾಗಿ ಎರಡನೇ ಅಂಕಿಯ 100ರಲ್ಲಿ ನಿಜವಾದ ರಂಜಕ ಸುಮಾರು 44, ಮೂರನೆಯದರಲ್ಲಿ ಪೊಟ್ಯಾಸಿಯಂ 83. ಪೊಟ್ಯಾಷ್ ಎಂಬ ಪದದ ಮೂಲಾರ್ಥವೇ ಮಡಕೆಯ ಬೂದಿ! ನಮ್ಮಜ್ಜಿಯರು ಒಲೆಯ ಬೂದಿಯನ್ನು ಬಾಳೆಯ ಬುಡಕ್ಕೆ ಸುರಿದಾಗ ಕೊಡುತ್ತಿದ್ದುದೂ ಅದನ್ನೇ.

ನಮ್ಮ ನಾಡಿಗೂ ಈ ಕಥೆಯಲ್ಲಿ ಪಾಲಿದೆ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ (1926–41) ಮೈಸೂರಿನ ಬಳಿಯ ಬೆಳಗೊಳದಲ್ಲಿ ರಸಗೊಬ್ಬರ ಕಾರ್ಖಾನೆ ಬಂತು. 1976ರಲ್ಲಿ ಮಂಗಳೂರಿನ ಪಣಂಬೂರಿನಲ್ಲಿ ಯೂರಿಯಾ ತಯಾರಿಕೆ ಶುರುವಾಯಿತು. 1957ರಲ್ಲಿ, ಮತ್ತೆ ಹೊಸದಾಗಿ 1985ರಲ್ಲಿ, ಕೇಂದ್ರ ಸರ್ಕಾರ ರಸಗೊಬ್ಬರ ನಿಯಂತ್ರಣ ಆದೇಶ ಹೊರಡಿಸಿತು. ಚೀಲದ ಮೇಲಿನ ಅಂಕಿ ಈಗ ಕಂಪನಿಯ ಜಾಹೀರಾತಲ್ಲ, ಕಾನೂನಿನ ಮಾತು.

2022ರಿಂದ ಸಬ್ಸಿಡಿ ಗೊಬ್ಬರಗಳೆಲ್ಲ 'ಭಾರತ್' ಎಂಬ ಒಂದೇ ಹೆಸರಿನಲ್ಲಿ ಬರುತ್ತಿವೆ. ಯೂರಿಯಾದಲ್ಲಿ 46, ಡಿಎಪಿಯಲ್ಲಿ 18-46-0. ಎರಡರಲ್ಲೂ 46 ಇದೆ. ಮೊದಲನೆಯದು ಸಾರಜನಕ, ಇನ್ನೊಂದು ರಂಜಕದ ಲೆಕ್ಕ. ನಾನು ಹಾಕಿದ ಹಿಡಿ 40 ಗ್ರಾಂ ಇತ್ತೆಂದುಕೊಂಡರೂ 18 ಗ್ರಾಂ ಬರೀ ಸಾರಜನಕ. ಪಾಪ, ಆ ಪುಟ್ಟ ಕುಂಡ ಎಷ್ಟು ತಾನೇ ತಾಳೀತು?

ನಿಮ್ಮ ಬಾಲ್ಕನಿಯಲ್ಲೂ ಊರಿನ ಗಿಡವೊಂದು ಇದ್ದೀತು. ಲೇಬಲ್ ಇಲ್ಲದ ಪೊಟ್ಟಣ ಬೇಡ. ಹಿಡಿ ತುಂಬುವ ಮುನ್ನ ಅಂಕಿ ಓದಿ.