ಜತ್ತಿ ಸಮಿತಿ

ಜತ್ತಿ ಸಮಿತಿ: ಮೈಸೂರು ರಾಜ್ಯದ ಗೇಣಿ ಮತ್ತು ಕೃಷಿ ಜಮೀನು ಕಾನೂನುಗಳ ಪರಿಶೀಲನೆಗೆ 1957ರಲ್ಲಿ ನೇಮಕವಾದ ಸಮಿತಿ. ಅಧ್ಯಕ್ಷರು ಜಮಖಂಡಿಯ ಶಾಸಕ ಬಿ.ಡಿ. ಜತ್ತಿ (1912–2002).

ಹಿನ್ನೆಲೆ: 1956ರ ಏಕೀಕರಣದ ನಂತರ ಒಂದೇ ರಾಜ್ಯದಲ್ಲಿ ಹಲವು ಗೇಣಿ ಕಾನೂನುಗಳು ಉಳಿದವು. ಮಹಾಲಿಂಗಪುರ, ಮುಧೋಳ, ಜಮಖಂಡಿ ಸೀಮೆಯಲ್ಲಿ ಲಾವಣಿಗೆ (ಗೇಣಿಗೆ) ಹೊಲ ಹಿಡಿದ ರೈತನಿಗೆ 1948ರ ಮುಂಬಯಿ ಕಾಯ್ದೆ, ಕಲಬುರ್ಗಿಯವನಿಗೆ 1950ರ ಹೈದರಾಬಾದ್ ಕಾಯ್ದೆ ಅನ್ವಯಿಸುತ್ತಿತ್ತು. ಏಕರೂಪದ ಕಾನೂನು ರೂಪಿಸುವುದು ಸಮಿತಿಯ ಕೆಲಸವಾಗಿತ್ತು.

ಮಸೂದೆಯ ಹಾದಿ: ವರದಿಯ ಆಧಾರದ ಮೇಲೆ 1958ರಲ್ಲಿ ಸಿದ್ಧವಾದ ಮಸೂದೆ ಉಭಯ ಸದನಗಳ ಜಂಟಿ ಆಯ್ಕೆ ಸಮಿತಿಯ ಮುಂದೆ ಹೋಯಿತು. ಇಂಥ ಸಮಿತಿ ಅಹವಾಲು ಆಲಿಸಿ, ಸಾಕ್ಷ್ಯ ಪಡೆದು, ಮಸೂದೆಯನ್ನು ಖಂಡ ಖಂಡವಾಗಿ ಓದಿ ತಿದ್ದುತ್ತದೆ. ಒಪ್ಪದ ಸದಸ್ಯರು ಭಿನ್ನಮತದ ಟಿಪ್ಪಣಿ ಬರೆಯುತ್ತಾರೆ. ಜಮೀನುದಾರ ಸ್ವಂತ ಸಾಗುವಳಿಗೆಂದು ಎಷ್ಟು ಭೂಮಿ ಮರಳಿ ಪಡೆಯಬಹುದು ಎಂಬ ಒಂದು ಖಂಡವೇ ಗೇಣಿದಾರನ ಬದುಕನ್ನು ನಿರ್ಧರಿಸುವಂಥದು.

ಪರಿಣಾಮ: ಜತ್ತಿ ಮುಖ್ಯಮಂತ್ರಿಯಾಗಿದ್ದಾಗ (1958–62), ಕಂದಾಯ ಸಚಿವ ಕಡಿದಾಳ್ ಮಂಜಪ್ಪನವರ ಮುಂದಾಳತ್ವದಲ್ಲಿ ಮೈಸೂರು ಭೂಸುಧಾರಣಾ ಕಾಯ್ದೆ, 1961 ಅಂಗೀಕಾರವಾಯಿತು, ಜಾರಿಯಾದದ್ದು 1965ರ ಅಕ್ಟೋಬರ್ 2ರಂದು. ಈ ವಿಳಂಬದ ಬೆಲೆ ತೆತ್ತವರು ಗೇಣಿದಾರರು. ದೇವರಾಜ ಅರಸು ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಯಾಗಿ ಗೇಣಿ ಜಮೀನು ಸರ್ಕಾರದಲ್ಲಿ ನಿಹಿತವಾಯಿತು. ಭೂ ನ್ಯಾಯಮಂಡಳಿಗೆ ನಮೂನೆ 7ರಲ್ಲಿ ಅರ್ಜಿ ಹಾಕಿ ಉಳುವವರು ಒಡೆತನ ಪಡೆಯಲು ದಾರಿಯಾಯಿತು.